ಮಾವ, ಮೇಕಪ್ಪು ಮತ್ತು ಮೆಟ್ಟಿಲ ಕಂಬಿ

ನನ್ನ ಸೋದರಮಾವನಿಗೆ ಸಿಟ್ಟು ಬರುವುದೇ ಇಲ್ಲ. ಬರಬೇಕಾದರೆ ಅದು ಮೊದಲು ಹೋಗಿರಬೇಕಲ್ಲ! ಈ ಪರದೇಶದ ಊರಿನ ಪೆನ್‌ರೋಸ್ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿರುವ ಈ ಮಹಾನುಭಾವ ಟೋಸ್ಟರನ್ನೂ ಗದರಿಸುತ್ತಾನೆ. ಅವನ ಮನೆಯ ಮಹಡಿಯಲ್ಲಿ ಬಿಟ್ಟಿ ಠಿಕಾಣಿ ಹೂಡಿರುವ ನನಗೆ ಇರುವುದು ಒಂದೇ ವಿದ್ಯೆ, ಅನುಕರಣೆ. ಒಮ್ಮೆ ಬಚ್ಚಲಿನಿಂದ ಮಾವನ ದನಿಯಲ್ಲಿ "ಯಾರೋ ಅದು ಬಿಸಿನೀರೆಲ್ಲ ಖಾಲಿ ಮಾಡಿದ್ದು?" ಎಂದು ಅಬ್ಬರಿಸಿದಾಗ, ಮಾವನೇ ಗಾಬರಿಯಿಂದ "ನಾನಲ್ಲ!" ಎಂದಿದ್ದ.

ಈ ವರ್ಷ ತಕಾನಿನಿ ಬಡಾವಣೆಯ ಆ ಮಹಡಿ ಮನೆಯನ್ನು ಮಾರಬೇಕಾಯಿತು. ಅತ್ತೆ ನರ್ಸು, ವರ್ಷಗಟ್ಟಲೆ ವಾರ್ಡಿನಲ್ಲಿ ನಿಂತೇ ದುಡಿದ ಮಂಡಿಗಳು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿದ್ದವು. ಕೆಳಗಿನ ಹಾಲ್‌ನಲ್ಲೇ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅದೇ ಊರಿನ ಒನೆಹುಂಗಾದಲ್ಲಿ ಮೆಟ್ಟಿಲೇ ಇಲ್ಲದ ಮನೆಯೊಂದು ಸಿಕ್ಕಿತ್ತು. ಆದರೆ ತಿಂಗಳೊಳಗೆ ಇದು ಮಾರಾಟವಾದರೆ ಮಾತ್ರ ಅದು ನಮ್ಮದು.

ಬಂದಳು ಏಜೆಂಟಮ್ಮ! ಹಲ್ಲುಗಳನ್ನೂ ಮಾರಾಟಕ್ಕಿಟ್ಟಂಥ ನಗು.

"ಲವ್ಲೀ ಮನೆ! ಆದರೆ ಈ ವಾಸನೆ..."

"ವಾಸನೆ ಅಲ್ಲ, ಇಂಗು!" ಎಂದು ಮಾವ ಗುಡುಗಿದ.

ಮರುದಿನದಿಂದಲೇ ನಮ್ಮ ಒಗ್ಗರಣೆ ಗರಾಜಿಗೆ ಗಡೀಪಾರಾಯಿತು. ಕಾರಿಗೆ ಎಷ್ಟು ಘಮ ಹತ್ತಿತೆಂದರೆ, ಮಾವ ಕಾರ್ಖಾನೆಯಲ್ಲಿ ಕಾರು ನಿಲ್ಲಿಸಿದ ಕೂಡಲೇ ಅಲ್ಲಿಯವರಿಗೆ ಹಸಿವಾಗುತ್ತಿತ್ತು!

ಮಾರುವ ಮನೆಗೂ ಮೇಕಪ್ಪು ಬೇಕಂತೆ! ದೇವರೆಲ್ಲ ಬೀರು ಸೇರಿದರು. ಬಾಡಿಗೆ ಸೋಫಾ ಬಂತು, ಕೂರುವಂತಿಲ್ಲ. ಗಾಜಿನ ಬಟ್ಟಲಲ್ಲಿ ನಿಂಬೆಹಣ್ಣು ಬಂತು, ಮುಟ್ಟುವಂತಿಲ್ಲ. ಚಿತ್ರಾನ್ನಕ್ಕೆಂದು ಮಾವ ಒಂದನ್ನು ಕೊಯ್ಯಲು ಹೋದ. ಪ್ಲಾಸ್ಟಿಕ್ಕು! ಆವತ್ತಿನ ಬೈಗುಳವನ್ನು ಅಚ್ಚು ಮಾಡಲು ಯಾವ ಸಂಪಾದಕರೂ ಒಪ್ಪಲಾರರು. ನನ್ನ ರೂಮಿನ ಬಾಗಿಲಲ್ಲಿ ನಿಂತು ಏಜೆಂಟಮ್ಮ, "ಇಲ್ಲಿರೋದೆಲ್ಲ ಹೊರಗೆ ಹೋಗಬೇಕು" ಎಂದಳು.

"ಇವನಿಂದಲೇ ಶುರುಮಾಡಿ" ಎಂದ ಮಾವ.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆಕೆ ಅತ್ತೆಯ ಮಂಚ, ಊರುಗೋಲು, ಹಿಡಿದು ಹತ್ತಲೆಂದು ಮೆಟ್ಟಿಲ ಇನ್ನೊಂದು ಬದಿಗೆ ಮಾವನೇ ಹಾಕಿದ್ದ ಮರದ ಕಂಬಿ ಮೂರನ್ನೂ ಬೆರಳಲ್ಲಿ ತೋರಿಸಿ, "ಇವೆಲ್ಲ ಕಾಯಿಲೆಯ ಮನೆ ಅನ್ನಿಸುತ್ತವೆ. ಜನ ಓಡಿಹೋಗ್ತಾರೆ" ಎಂದಳು. ಯಾರನ್ನೂ ಬಿಡದೆ ಆಡಿಕೊಳ್ಳುವ ನನಗೆ ಆಕೆಯನ್ನು ಅನುಕರಿಸುವ ಮನಸ್ಸೂ ಬರಲಿಲ್ಲ. ಮೈ ಉರಿಯಿತು. ಅತ್ತೆ ಎಂದರೆ ಸಾಮಾನೇ, ಮುಚ್ಚಿಡುವುದಕ್ಕೆ?

"ತೆಗೆದುಬಿಡಿ ರೀ," ಎಂದರು ಅತ್ತೆ. "ಶನಿವಾರ ಮನೆ ನೋಡೋಕೆ ಜನ ಬಂದಾಗ ನಾನೂ ಕೋಲೂ ಕಾರಲ್ಲಿ ಕೂತಿರ್ತೀವಿ."

ಮಾವ ಕೆಂಪಾದ. "ಮಂಚ ತಗೊಂಡ್ ಹೋಗ್ಲಿ. ದೇವರನ್ನೂ ತಗೊಂಡ್ ಹೋಗ್ಲಿ. ಆ ಕಂಬಿ ಮುಟ್ಟಿದ್ರೆ ಮಾತ್ರ ನೋಡು!" ಅತ್ತೆಯ ಅಂಗೈಗೆ ಸಿಬಿರು ತಾಗದಿರಲೆಂದು ಅದನ್ನು ವಾರಗಟ್ಟಲೆ ಮರಳುಕಾಗದದಿಂದ ಉಜ್ಜಿದವನು ಅವನೇ.

ಮನೆ ತೋರಿಸುವಾಗ ಮಾಲೀಕರು ಎದುರಿಗಿರಬಾರದು ಎಂಬುದು ಇಲ್ಲಿಯ ರಿವಾಜು. ಮಾವ ಕೇಳುತ್ತಾನೆಯೆ? ಟೋಪಿ ಹಾಕಿಕೊಂಡು, ಕೊಳ್ಳುವವನ ಸೋಗಿನಲ್ಲಿ ತನ್ನ ಮನೆಗೇ ನುಗ್ಗಿದ, ಹಿಂದೆಯೇ ನಾನು.

"ಅಡುಗೆಮನೆ ಚಿಕ್ಕದಾಯ್ತು" ಎಂದಳು ಯಾರೋ ಹೆಂಗಸು.

"ಯಾಕೆ, ನೀವು ಆನೆ ಬೇಯಿಸ್ತೀರಾ?" ಎಂದ 'ಗಿರಾಕಿ'.

ಏಜೆಂಟಮ್ಮ ನನ್ನನ್ನು ನೋಡಿದಳು. ನಾನು ಪ್ಲಾಸ್ಟಿಕ್ ನಿಂಬೆಹಣ್ಣನ್ನು ನೋಡಿದೆ.

ಹೀಗೆ ಮೂರು ಶನಿವಾರ ಕಳೆದವು. ಕೊಳ್ಳುವವರು ಒಬ್ಬರೂ ಇಲ್ಲ. ಬೀದಿಯ ತಿರುವಿನಲ್ಲಿ, ಕಾರಿನೊಳಗೆ, ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕಾಯುತ್ತಲೇ ಇದ್ದರು. ತಿಂಗಳ ಕೊನೆಯ ಶನಿವಾರ ಸಮೋವಾ ಮೂಲದ ದಂಪತಿ, ಜೊತೆಗೆ ಅವರ ವಯಸ್ಸಾದ ತಾಯಿ ಬಂದರು. ಮಗ ಕಂಬಿಯನ್ನು ಬೆರಳಲ್ಲಿ ಕುಟ್ಟಿ, "ಇದೇನು, ದಾರಿಗೆ ಅಡ್ಡವಾಗಿ?" ಎಂದ. ಮಾವ ಬೈಯಲು ಉಸಿರೆಳೆದುಕೊಂಡ. ನಾನು ಕಿವಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಆ ತಾಯಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಮಹಡಿಯಿಂದ ಮಗನನ್ನು ಕೂಗಿದರು: "ಬಾರೋ, ಇಲ್ಲಿಂದ ಎಷ್ಟು ದೂರ ಕಾಣುತ್ತೆ ನೋಡು!"

ಎಳೆದುಕೊಂಡ ಉಸಿರು ಮಾವನ ಒಳಗೇ ಉಳಿಯಿತು. ಮನೆಯನ್ನು ಕೊಂಡವರು ಅವರೇ.

ಬೀಗದ ಕೈ ಕೊಡುವ ಬೆಳಿಗ್ಗೆ ಮಾವ ಸ್ಕ್ರೂಡ್ರೈವರ್ ಹಿಡಿದು ಹೊರಟ. "ನಾನು ಹಾಕಿದ ಕಂಬಿ. ನಾನೇ ಬಿಚ್ತೀನಿ. ಯಾರಪ್ಪಂದು?" ಹಿಂದೆಯೇ ಹೋಗಿ ನೋಡಿದರೆ, ಖಾಲಿ ಮನೆಯಲ್ಲಿ ಮಂಡಿಯೂರಿ ಕೂತು ಒಂದೊಂದೇ ಸ್ಕ್ರೂ ಬಿಗಿಮಾಡುತ್ತಿದ್ದ.

"ಬಿಚ್ತೀನಿ ಅಂದ್ಯಲ್ಲ ಮಾವ?"

"ಬಾಯ್ಮುಚ್ಚೋ. ಆ ಅಜ್ಜಿ ಕಂಬಿ ಮೇಲೆ ನಮ್ಮವಳಿಗಿಂತ ಜಾಸ್ತಿ ಭಾರ ಬಿಟ್ಟು ಹತ್ತುತ್ತೆ."

ಬೈದದ್ದೇನೋ ಬೈದದ್ದೇ. ಆದರೆ ಆ ದನಿಯನ್ನು ಅನುಕರಿಸಲು ನನಗೆ ಇವತ್ತಿಗೂ ಬಂದಿಲ್ಲ.