ಕದಿಯದ ಸೈಕಲ್ಲಿಗೆ ಗಾಳಿ ಹೊಡೆದದ್ದು

ಆರೋಪಿಯ ಪಾತ್ರದಲ್ಲಿ ಕಷ್ಟವೇನಿದೆ? ಕುರ್ಚಿಯಲ್ಲಿ ಕೂರಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಬರ್ಮಿಂಗ್‌ಹ್ಯಾಮಿನ ಕನ್ನಡಿಗರ ಯುಗಾದಿ ನಾಟಕದಲ್ಲಿ ಮಂತ್ರಿಯಾಗಿ ಮೆರೆದವನಿಗೆ ಇದು ನೀರು ಕುಡಿದಷ್ಟು ಸುಲಭ ಎಂದುಕೊಂಡೇ ಒಪ್ಪಿಕೊಂಡೆ.

ವಿಷಯ ಇಷ್ಟು. ಈ ಬೇಸಿಗೆಯಲ್ಲಿ ಗ್ರೇಸ್ ಎಂಬ ಹುಡುಗಿ ಹಾರ್ಬೋರ್ನ್ ಬಡಾವಣೆಯ ನಮ್ಮ ಮನೆಯಲ್ಲಿದ್ದಳು. ಲೀಡ್ಸ್‌ನವಳು, ಕಾನೂನು ಓದುತ್ತಿದ್ದಾಳೆ. ಘಾನಾದಿಂದ ಬಂದ ಅವಳ ತಾಯಿ ನರ್ಸ್. ನನ್ನ ಹೆಂಡತಿ ಸುಧಾ ಹೊಸ ಡಾಕ್ಟರಾಗಿ ಈ ದೇಶದಲ್ಲಿ ಕಣ್ಣು ಕಣ್ಣು ಬಿಡುತ್ತಿದ್ದಾಗ ಕೈಹಿಡಿದು ನಡೆಸಿದವರು ಅವರೇ. ಕಪ್ಪು ಸಮುದಾಯದ ಕಾಲೇಜು ವಿದ್ಯಾರ್ಥಿಗಳನ್ನು, ದುಡ್ಡಿಲ್ಲದ ಆರೋಪಿಗಳ ಪರ ನಿಲ್ಲುವ ವಕೀಲರ ಕಚೇರಿಗಳಿಗೆ ರಜೆಯಲ್ಲಿ ತರಬೇತಿಗೆ ಕಳಿಸುವ ಒಂದು ಫೆಲೋಶಿಪ್ ಇದೆ. ಗ್ರೇಸ್‌ಗೆ ಅದು ಸಿಕ್ಕಿತ್ತು. ಆದರೆ ಮೊದಲ ವಾರದ ಕೊನೆಗೆ ಒಂದು ಪರೀಕ್ಷೆ. ನಕಲಿ ಪೊಲೀಸ್ ವಿಚಾರಣೆಯಲ್ಲಿ ತನ್ನ ಕಕ್ಷಿದಾರನನ್ನು ಕಾಪಾಡಿದರೆ ಹಿರಿಯ ವಕೀಲರ ಜೊತೆ ನಿಜವಾದ ಪೊಲೀಸ್ ಠಾಣೆಗೆ ಹೋಗಬಹುದು. ಇಲ್ಲವಾದರೆ ಬೇಸಿಗೆ ಪೂರ್ತಿ ಜೆರಾಕ್ಸ್ ಮಾಡುವುದೇ ಕೆಲಸ.

ಕಕ್ಷಿದಾರನಾಗಿ ನಟಿಸಲು ಒಬ್ಬರು ಬೇಕಿತ್ತು. "ನಾನಿದ್ದೀನಲ್ಲ," ಎಂದೆ.

"ರೀ, ಅಲ್ಲಿ ಸುಮ್ನೆ ಕೂತಿರ್ಬೇಕಂತೆ," ಎಂದಳು ಸುಧಾ. "ನಿಮ್ಮಿಂದ ಆಗುತ್ತಾ?"

ಅವಮಾನವಾಯಿತು. ಆಗಿಯೇ ತೀರುತ್ತದೆ ಎಂದು ಶಪಥ ಮಾಡಿ ಹೊರಟೆ.

ನಮ್ಮ ಊರಿನದೇ ಅಂಗಡಿಯೊಂದರ ಮುಂದಿದ್ದ ಸೈಕಲ್ ಕದ್ದೆನೆಂಬುದು ನನ್ನ ಮೇಲಿನ ಆರೋಪ. ಕಥೆಯ ಪ್ರಕಾರ ನಾನು ನಿರಪರಾಧಿ. ಗ್ರೇಸ್ ನನ್ನನ್ನು ವಕೀಲರ ಕಚೇರಿಯ ಒಳಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದಳು. "ಅಂಕಲ್, ಏನೇ ಕೇಳಿದರೂ 'ನೋ ಕಾಮೆಂಟ್' ಅನ್ನಿ. ಅಷ್ಟೇ."

ಪ್ರಶ್ನೆ ಕೇಳಲು ಬಂದವರು ನಿವೃತ್ತ ಪೊಲೀಸ್ ಅಧಿಕಾರಿ. ತಲೆ ಪೂರ್ತಿ ನರೆತಿತ್ತು. ಅವರು ನನ್ನನ್ನು "ಮಿಸ್ಟರ್ ಶ್ರೀನಿವಾಸಮೂರ್ತಿ" ಎಂದು ಒಂದಕ್ಷರ ತಪ್ಪದೆ ಕರೆದರು. ಆಫೀಸಿನಲ್ಲಿ ಇಷ್ಟು ವರ್ಷ ನಾನು ಬರೀ 'ಶ್ರೀ'. ಅಲ್ಲೇ ಕರಗಿಹೋದೆ!

"ಅವತ್ತು ಆ ಅಂಗಡಿ ಹತ್ತಿರ ಇದ್ದಿರಾ?"

ದೊಡ್ಡವರು ಕೇಳಿದಾಗ ಗರಬಡಿದವನ ಹಾಗೆ ಕೂರಬಾರದು ಎಂದು ನಮ್ಮಮ್ಮ ಬೆಳೆಸಿದ್ದಾಳೆ. "ಇದ್ದೆ ಸಾರ್," ಎಂದೆ. ಪಕ್ಕದಲ್ಲಿದ್ದ ಗ್ರೇಸ್ ಕೆಮ್ಮಿದಳು. ಪಾಪ, ನೀರಿನ ಲೋಟ ಅವಳ ಕಡೆ ಸರಿಸಿದೆ.

"ಅಲ್ಲಿಂದ ಯಾವ ದಾರೀಲಿ ಹೋದಿರಿ?"

ಬೆಂಗಳೂರಿನವನನ್ನು ದಾರಿ ಕೇಳಬಾರದಿತ್ತು. ಗೊತ್ತಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. "ಬಲಕ್ಕೆ ತಿರುಗಿ, ಚರ್ಚ್ ಹಿಂದಿನ ಶಾರ್ಟ್‌ಕಟ್ ಹಿಡಿದು ಸೀದಾ ಮನೆಗೆ ಹೋದೆ," ಎಂದೆ.

"ಸೈಕಲ್ ಮೇಲೆ?"

"ಮತ್ತೆ, ಅಷ್ಟು ದೂರ ನಡೆಯೋಕಾಗುತ್ತಾ ಸಾರ್? ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇತ್ತು. ಹೊಡೆದೆ."

"ಈಗ ಎಲ್ಲಿದೆ?"

"ಹಿತ್ತಲ ಶೆಡ್‌ನಲ್ಲಿ. ಬೀಗದ ಕೈ ನನ್ನ ಹೆಂಡತಿ ಹತ್ತಿರ ಇರುತ್ತೆ."

ಹೀಗೆ ಡಾಕ್ಟರ್ ಸುಧಾ ಅವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿರುವಾಗಲೇ, ಕಳ್ಳಮಾಲು ಬಚ್ಚಿಟ್ಟ ಎರಡನೇ ಆರೋಪಿಯಾದರು.

"ನನ್ನ ಕಕ್ಷಿದಾರರ ಜೊತೆ ಖಾಸಗಿಯಾಗಿ ಮಾತಾಡಬೇಕು," ಎಂದು ಗ್ರೇಸ್ ನನ್ನನ್ನು ಮತ್ತೆ ಒಳಕೋಣೆಗೆ ಕರೆದೊಯ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವಳ ಕಣ್ಣು ತುಂಬಿತ್ತು.

"ನನ್ನ ಅಣ್ಣನೂ ಪೊಲೀಸರ ಮುಂದೆ ಹೀಗೇ ಮಾತಾಡಿದ, ಅಂಕಲ್. ತುಂಬಾ ಮರ್ಯಾದೆಯಿಂದ. ಲಾಯರ್ ಬೇಕಾ ಅಂತ ಕೇಳಿದರೆ, ಬೇಡ, ನಾನೇನೂ ತಪ್ಪು ಮಾಡಿಲ್ಲವಲ್ಲ ಅಂದ. ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನದು ತಪ್ಪಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಕೆಲಸ ಹೋಗಿತ್ತು. ಅದಕ್ಕೇ ನಾನಿಲ್ಲಿ ಬಂದಿದ್ದು."

ನನಗೆ ಇದು ಗೆಳೆಯರಿಗೆ ಹೇಳಿಕೊಂಡು ನಗುವ ನಾಟಕವಾಗಿತ್ತು. ಅವಳಿಗಾದರೋ ನನ್ನ ಜಾಗದಲ್ಲಿ ಅವಳ ಅಣ್ಣ ಕೂತಿದ್ದ. ತಲೆ ಎತ್ತಿ ಅವಳ ಮುಖ ನೋಡಲಾಗಲಿಲ್ಲ.

ಮತ್ತೆ ಹೋಗಿ ಕೂತೆವು. ಈ ಸಲ ತುಟಿ ಹೊಲಿದುಕೊಂಡಿದ್ದೆ. ಅಧಿಕಾರಿ ತಟ್ಟೆ ಮುಂದಿಟ್ಟು, "ಬಿಸ್ಕತ್ ತಗೊಳ್ತೀರಾ?" ಎಂದರು.

"ನೋ ಕಾಮೆಂಟ್." ನಿಜಕ್ಕೂ ಹಸಿವಾಗಿತ್ತು.

ಗ್ರೇಸ್ ನೆಟ್ಟಗೆ ಕೂತಳು. "ಇವರು ಸೈಕಲ್ ತಗೊಂಡಿದ್ದನ್ನ ಯಾರಾದರೂ ನೋಡಿದ್ದಾರಾ? ಕ್ಯಾಮೆರಾದಲ್ಲಿ ಏನಾದರೂ ಇದೆಯಾ? ಇಲ್ಲ. ನಿಮ್ಮ ಹತ್ತಿರ ಇರೋದು ಇವರ ಮಾತು ಮಾತ್ರ. ಇವರು ಹೇಳಿದ ದಾರಿಗೆ ಅಡ್ಡವಾಗಿ ಕಾಲುವೆ ಇದೆ. ನಾನು ದಿನಾ ಬೆಳಿಗ್ಗೆ ಅದರ ದಡದಲ್ಲೇ ಓಡ್ತೀನಿ. ಅಲ್ಲಿ ಸೇತುವೆ ಇಲ್ಲ. ನೀರಿನ ಮೇಲೆ ಸೈಕಲ್ ಹೊಡೆದರಾ? ಇವರು ಕಳ್ಳರಲ್ಲ. ಕೇಳಿದವರಿಗೆ ಬೇಜಾರಾಗಬಾರದು ಅಂತ ಉತ್ತರ ಕೊಡೋರು. ಇಂಥವರನ್ನ ಅವರ ಮಾತಿನಿಂದಲೇ ಕಟ್ಟಿಹಾಕಬೇಡಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಮೂಲೆಯಲ್ಲಿ ಕೂತು ನೋಡುತ್ತಿದ್ದ ಹಿರಿಯ ವಕೀಲೆ ಎದ್ದುನಿಂತು, "ಸೋಮವಾರ ನನ್ನ ಜೊತೆ ಠಾಣೆಗೆ ಬಾ, ಗ್ರೇಸ್," ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಗೆದ್ದವನು ನಾನೇ ಎಂಬಂತೆ ಎಲ್ಲರ ಕೈ ಕುಲುಕಿದೆ.

ಸೋಮವಾರ ಬೆಳಿಗ್ಗೆ ಗ್ರೇಸ್ ಬಾಗಿಲಲ್ಲಿ ನಿಂತು ನನ್ನನ್ನು ಅಪ್ಪಿಕೊಂಡಳು. "ನನಗೀಗ ಭಯ ಇಲ್ಲ, ಅಂಕಲ್. ನಿಮಗಿಂತ ಕಷ್ಟದ ಕಕ್ಷಿದಾರರು ಇನ್ನು ಸಿಗಲ್ಲ ಅಂತ ನಮ್ಮ ವಕೀಲೆ ಹೇಳಿದ್ದಾರೆ."

ನನ್ನೆದೆ ಉಬ್ಬಿತು. ಅದು ಹೊಗಳಿಕೆಯಲ್ಲ ಎಂದು ಸುಧಾ ಬಿಡಿಸಿ ಹೇಳುವ ಹೊತ್ತಿಗೆ, ಲೆಸ್ಟರ್ ಊರಿನ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿಯಾಗಿತ್ತು.