ಇನ್‌ಚಾರ್ಜ್ ಸಾಹೇಬರು ಕುರ್ಲಾದಲ್ಲಿ ಇಳಿಯಲಿಲ್ಲ

ಅಧಿಕಾರ ಸಿಕ್ಕ ಮನುಷ್ಯನಲ್ಲಿ ಮೊಟ್ಟಮೊದಲು ಬದಲಾಗುವುದು ಅವನ ನಡಿಗೆ. ಇದನ್ನು ನಾನು ನನ್ನ ಕಾಲುಗಳನ್ನೇ ನೋಡಿ ಕಲಿತೆ. ಕುರ್ಲಾದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪ್ಯಾಕಿಂಗ್ ಮಾಡಿದ ನನ್ನನ್ನು ನಮ್ಮ ಸೇಠರು ಮೂರು ತಿಂಗಳ ಮಟ್ಟಿಗೆ ಇನ್‌ಚಾರ್ಜ್ ಮಾಡಿದರು. ಸರಿಯಾಗಿ ನಡೆಸಿದರೆ ಕಾಯಂ, ಇಲ್ಲದಿದ್ದರೆ ಮತ್ತೆ ಪೆಟ್ಟಿಗೆಗೆ ಟೇಪು ಹಚ್ಚುವುದು ಎಂದರು. ಅಂದಿನಿಂದ ನಾನು ನೆಲ ಮುಟ್ಟಿ ನಡೆಯುವುದನ್ನೇ ಬಿಟ್ಟೆ. ಅದರ ಮೇಲೆ ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಒಂದು ದಿನದ ನಾಯಕತ್ವ ತರಬೇತಿ ಬೇರೆ! "ಪ್ರೊಫೆಶನಲ್ ಆಗಿರಿ, ಕೈಕೆಳಗಿನವರಿಂದ ಅಂತರ ಇಟ್ಟುಕೊಳ್ಳಿ" ಎಂದು ಟೈ ಕಟ್ಟಿದ ಮಹಾಶಯರು ಹೇಳಿದ್ದನ್ನು ಉಸಿರು ಬಿಗಿಹಿಡಿದು ಬರೆದುಕೊಂಡೆ. ಊಟಕ್ಕೆ ಐದು ಬಗೆಯ ಸಿಹಿಯಿತ್ತು. ಅಷ್ಟು ಸಿಹಿ ಹಾಕಿಸುವವರು ಸುಳ್ಳು ಹೇಳುವುದುಂಟೆ?

ಮರುದಿನವೇ ಬಾಗಿಲಿಗೆ ನೋಟಿಸು ಅಂಟಿಸಿದೆ. ಒಂಬತ್ತೂವರೆಯ ನಂತರ ಬಂದವರು, ಯಾರೇ ಆಗಲಿ, ಊಟದ ಬಿಡುವಿನವರೆಗೆ ಹೊರಗಿನ ಬೆಂಚಿನ ಮೇಲೆ ಕೂಡಬೇಕು. ಕಾಕಾ, ಮಾಮಾ ಎಂದು ಕರೆಯುವುದು ಬಂದ್. ಕೆಳಗೆ ನನ್ನ ಸಹಿ, ಉದ್ದ ಬಾಲದೊಂದಿಗೆ. ನನಗೆ ಕೆಲಸ ಕಲಿಸಿದವನು ವಿಜಯಪುರದ ಕಡೆಯ ಮಲ್ಲಪ್ಪ ಕಾಕಾ. ಅವನು ನೋಟಿಸನ್ನು ಎರಡು ಸಲ ಓದಿ, "ಆತ್ ಬಿಡ್ರಿ ಸಾಹೇಬ್ರ. ಲೋಕಲ್‌ನ್ಯಾಗೂ ಸಾಹೇಬ್ರ ಅನಬೇಕೇನ್ರಿ?" ಎಂದ. ನಾನು ಗಂಭೀರವಾಗಿ ಯೋಚಿಸಿದೆ. ಅನ್ನಬೇಕೆಂದೇ ನನಗೆ ಆಸೆ!

ಲೋಕಲ್ ರೈಲು ಎಂದರೆ ನಮಗೆ ಸಣ್ಣ ವಿಷಯವಲ್ಲ. ಭಾಂಡುಪ್‌ನಿಂದ ನಾವು ಆರು ಜನ ದಿನಾ ಒಂದೇ ಡಬ್ಬಿಯಲ್ಲಿ ತೂರಿಕೊಳ್ಳುತ್ತಿದ್ದೆವು. ವಿಕ್ರೋಳಿ ಬಂದೊಡನೆ ಕಾಕಾ, "ನಡೀರಿ, ಬಾಗಲಕ್ಕ ಸರೀರಿ" ಎಂದು ಗದರಿ, ಮುಂದಿದ್ದವರ ಭುಜ ತಟ್ಟಿ "ಕುರ್ಲಾ? ಕುರ್ಲಾ?" ಎಂದು ಕೇಳುತ್ತ ದಾರಿ ಬಿಡಿಸುತ್ತಿದ್ದ. ಉಳಿದವರು ಅವನ ಬೆನ್ನಿಗಂಟಿ ಇಳಿಯುತ್ತಿದ್ದೆವು. ಆದರೆ ಇನ್‌ಚಾರ್ಜ್ ಆದವನು ನೌಕರರ ಬೆನ್ನಿಗೆ ಅಂಟಬಹುದೇ? ನಾನು ಫಸ್ಟ್ ಕ್ಲಾಸ್ ಪಾಸು ಮಾಡಿಸಿದೆ. ಮೂರು ತಿಂಗಳು ಮುಗಿದು, ಸೇಠರು ನನ್ನ ಹಣೆಬರಹ ತೀರ್ಮಾನಿಸಲು ಬರುವ ದಿನವೇ ಅದಕ್ಕೆ ಮುಹೂರ್ತ. ಟೈ ಕಟ್ಟಿಕೊಂಡು ನಿಂತಾಗ ಹೆಂಡತಿ, "ಇಳಿಯೂ ಹೊತ್ತಿಗೆ ಅದು ನಿಮ್ಮ ಕೊಳ್ಳಾಗ ಇರ್ತದೋ, ಮಂದಿ ಕೈಯಾಗ ಇರ್ತದೋ!" ಎಂದಳು. ನಾನು ಪ್ರೊಫೆಶನಲ್ ಆಗಿ ಮುಗುಳ್ನಕ್ಕೆ.

ಫಸ್ಟ್ ಕ್ಲಾಸಿನಲ್ಲಿಯೂ ನೂಕುನುಗ್ಗಲು ಅಷ್ಟೇ. ಮಾತು ಮಾತ್ರ ಇಲ್ಲ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ವಿಕ್ರೋಳಿ ಹೋಯಿತು, ಘಾಟ್‌ಕೋಪರ್ ಹೋಯಿತು, ನನ್ನನ್ನು ಯಾರೂ ಗದರಲಿಲ್ಲ. ಕುರ್ಲಾ ಬಂದಾಗ "ಎಕ್ಸ್‌ಕ್ಯೂಸ್ ಮೀ" ಎಂದೆ. ಎರಡನೆಯ ಸಲ ಗಟ್ಟಿಯಾಗಿ, ಮೂರನೆಯ ಸಲ ಅಳುವ ದನಿಯಲ್ಲಿ. ಒಬ್ಬರು ಒಂದು ಕಿವಿ ಬಿಡಿಸಿಕೊಂಡು, "ಪೆಹಲೇ ಬೋಲ್ನೇ ಕಾ ನಾ, ಬಾಸ್" ಎಂದು, ಮೊದಲೇ ಹೇಳಲಿಲ್ಲವಲ್ಲ ಎಂದು ಮರುಗಿದರು. ಅಷ್ಟರಲ್ಲಿ ಕುರ್ಲಾ ಹಿಂದೆ ಸರಿಯುತ್ತಿತ್ತು. ಮುಂದಿನ ನಿಲ್ದಾಣವಾದ ಸಾಯನ್‌ನಲ್ಲಿ ಜನರೇ ನನ್ನನ್ನು ಹೊರಗೆ ಉಗುಳಿದರು. ಮರಳಿ ಲೋಕಲ್ ಹಿಡಿದು, ಓಡಿ, ಕಾರ್ಖಾನೆ ತಲುಪಿದಾಗ ಒಂಬತ್ತು ಐವತ್ತು.

ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಮಲ್ಲಪ್ಪ ಕಾಕಾ. ಒಳಗೆ ಸೇಠರ ದನಿ.

"ಕಾಕಾ, ಬಿಡೋ ಮಾರಾಯಾ, ನನ್ನ ನೌಕರಿ ಪ್ರಶ್ನೆ" ಎಂದು ಪಿಸುಗುಟ್ಟಿದೆ.

"ಕಾಕಾ ಅನ್ನೂದು ಬಂದ್ ಐತ್ರಿ ಸಾಹೇಬ್ರ" ಎಂದ ಅವನು ನೋಟಿಸಿನತ್ತ ಬೆರಳು ತೋರಿಸಿ. "ಯಾರೇ ಆಗಲಿ ಅಂತ ಬರದೈತಿ. ಸಹಿ ಯಾರ್ದು, ನೀವ ನೋಡ್ರಿ."

ಸೇಠರು ಹೊರಗೆ ಬಂದೇ ಬಿಟ್ಟರು. ನೋಟಿಸು ಓದಿದರು, ಹಾಜರಿ ಪುಸ್ತಕ ನೋಡಿದರು, ನನ್ನ ಸೊಟ್ಟ ಟೈ ನೋಡಿದರು. ಮುಗಿಯಿತು, ನಾಳೆಯಿಂದ ಟೇಪು ಎಂದುಕೊಂಡೆ. ಅವರು ನನ್ನ ಬೆನ್ನು ತಟ್ಟಿ, "ವಾಹ್! ಖುದ್ ಕೋ ಭೀ ನಹೀಂ ಛೋಡಾ! ಆಜ್ ಸೇ ತೂ ಪಕ್ಕಾ!" ಎಂದು, ತನ್ನನ್ನೂ ನಿಯಮದಿಂದ ಬಿಡದ ನಾನು ಇಂದಿನಿಂದ ಕಾಯಂ ಎಂದು ಘೋಷಿಸಿದರು. ನಾನು ಕುಣಿಯುತ್ತ ಒಳನುಗ್ಗಹೋದರೆ ಕೈ ಅಡ್ಡ ಹಿಡಿದು, ಲಂಚಿನವರೆಗೆ ಬೆಂಚಿನ ಮೇಲೆ ಕೂಡಲು ಹೇಳಿದರು.

ಕೂತೆ. ಒಳಗೆ ಕಾಕಾನ ದನಿ, ಅದಕ್ಕೆ ತಕ್ಕಂತೆ ಟೇಪು ಹರಿಯುವ ಸದ್ದು, ನಡುನಡುವೆ ನಗು. ಸಂಜೆಗೆ ಹೋಗಬೇಕಿದ್ದ ಮಾಲು ಊಟಕ್ಕೆ ಮೊದಲೇ ಟೆಂಪೋ ಏರಿತು. ನನ್ನ ನಾಯಕತ್ವಕ್ಕೆ ಉದಾಹರಣೆ ಕೊಡುವಾಗಲೆಲ್ಲ ಸೇಠರು ಈಗಲೂ ಆ ಬೆಳಗಿನ ಕೆಲಸವನ್ನೇ ಹೇಳುತ್ತಾರೆ. ನಾನು ವಿನಯದಿಂದ ತಲೆ ತಗ್ಗಿಸುತ್ತೇನೆ. ಆ ಬೆಳಿಗ್ಗೆ ನಾನು ಒಳಗೆ ಕಾಲೇ ಇಟ್ಟಿರಲಿಲ್ಲ.