ಮೌನಧಾಮದ ಮೂರನೆಯ ಎಲೆ

ತೀರದ ದೊಡ್ಡ ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಕೆಂಪು ಬೋ ಟೈ ಕಟ್ಟಿಕೊಂಡು ತಟ್ಟೆ ಹೊತ್ತ ಮಚಾನೊನಿಗೆ ಕೊನೆಗೊಂದು ದಿನ ಜ್ಞಾನೋದಯವಾಯಿತು. ದೂರದೇಶದ ಪ್ರವಾಸಿಗಳು ಜಂಜಿಬಾರಿಗೆ ಬಂದು ಮುಗಿಬೀಳುವುದು ಇರುವ ವಸ್ತುವಿಗಲ್ಲ, ಇಲ್ಲದ ವಸ್ತುವಿಗೆ. ಈ ಪರಮಸತ್ಯ ಹೊಳೆದ ಮರುದಿನವೇ ಅವನು ಕೆಲಸಕ್ಕೆ ಸಲಾಮು ಹೊಡೆದು, ಹೆಂಡತಿ ಟಾಟುವಿನ ತೆಂಗಿನ ತೋಟದಲ್ಲಿ ಮನೆಯ ಮುಂದೆಯೇ ಮೂರು ಪುಟ್ಟ ವಿಲ್ಲಾಗಳನ್ನು ಎಬ್ಬಿಸಿದ. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಸೂರು. ಎಸಿ ಇಲ್ಲ, ಟಿವಿ ಇಲ್ಲ, ಪ್ಲಾಸ್ಟಿಕ್ ಇಲ್ಲ, ಜನರೇಟರ್ ಇಲ್ಲ. ಕುಡಿಯಲು ಮಳೆಯ ನೀರು, ಬೆಳಕಿಗೆ ಕೊಬ್ಬರಿ ಎಣ್ಣೆಯ ದೀಪ.

"ಊಟಾನೂ ಇಲ್ಲ ಅಂತ ಒಂದು ಬೋರ್ಡ್ ಹಾಕ್ಬಿಡಿ," ಎಂದಳು ಟಾಟು. "ನೂಕುನುಗ್ಗಲು ಆಗುತ್ತೆ."

"ನಗು, ನಗು. ಹಸಿರೆಲೆ ಮಂಡಳಿಯವರು ಆಗಲೇ ಎರಡು ಎಲೆ ಕೊಟ್ಟಿದಾರೆ. ಮೂರನೇದು ಬಂತು ಅಂದ್ರೆ ಪೇಟೆಯ ಏಜೆಂಟರು ನಮ್ಮ ಬಾಗಿಲಲ್ಲಿ ಸಾಲು ನಿಲ್ತಾರೆ."

"ಬರದಿದ್ರೆ?"

ಬರದಿದ್ದರೆ ಏಜೆಂಟರು ಅತಿಥಿಗಳನ್ನು ಕಳಿಸುವುದಿಲ್ಲ, ಮಚಾನೊ ಮತ್ತೆ ತಟ್ಟೆ ಹೊರಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಆ ಕೆಂಪು ಬೋ ಟೈಯನ್ನು ಅವನು ಒಲೆಗೆ ಹಾಕಲು ಹೋದಾಗ ಟಾಟು ಕಿತ್ತುಕೊಂಡು, ಒಗೆದು, ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅದು ಅಲ್ಲಿದೆ ಎನ್ನುವ ಯೋಚನೆಯೇ ಅವನ ಕತ್ತು ಬಿಗಿಯುತ್ತಿತ್ತು.

ಪ್ರಕೃತಿಗೆ ಹೊಂದಿ ನಡೆಯುವ ತಂಗುದಾಣಗಳಿಗೆ ಮಂಡಳಿ ಕೊಡುವ ಈ ಎಲೆಗಳಲ್ಲಿ ಮೂರನೆಯದು ಶಾಂತಿಗೆ ಮೀಸಲು. ಪರೀಕ್ಷಕಿ ಮಾರ್ಗಿಟ್ ಎಂಬಾಕೆ ಸೋಮವಾರ ಮಧ್ಯಾಹ್ನದ ಉಬ್ಬರಕ್ಕೆ ದೋಣಿಯಲ್ಲಿ ಬಂದಿಳಿಯುವವಳಿದ್ದಳು. ಮಚಾನೊ ಘನವಾದ ನಿರ್ಧಾರ ಮಾಡಿದ. ಎಲ್ಲ ಇಲ್ಲಗಳಿಗೂ ಕಿರೀಟವಾಗಿ ತನ್ನ ಧಾಮದಲ್ಲಿ ಇನ್ನು ಮಾತೇ ಇಲ್ಲ! ಮಾವಿನ ಹಲಗೆಯೊಂದಕ್ಕೆ ಬಿಳಿ ಬಣ್ಣದಲ್ಲಿ 'ಇಲ್ಲಿಂದ ಮುಂದೆ ಮೌನ' ಎಂದು ಬರೆದು ಬಾಗಿಲ ಕಂಬಕ್ಕೆ ತೂಗುಹಾಕಿದ.

"ಈ ಊರಲ್ಲಿ ಮೌನಾನಾ?" ಟಾಟು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಇಲ್ಲಿ ಕತ್ತೆ ಎದುರಿಗೆ ಬಂದ್ರೂ ಮನೆ ಕಡೆ ಎಲ್ಲಾ ಹೇಗಿದಾರೆ ಅಂತ ಕೇಳ್ತಾರೆ."

"ನಾಳೆಯಿಂದ ಕೇಳಲ್ಲ. ಮೊದಲು ನಾನೇ ಮಾಡಿ ತೋರಿಸ್ತೀನಿ."

ಸೋಮವಾರ ಬೆಳಿಗ್ಗೆ ಟಾಟು ಸೊಳ್ಳೆಪರದೆ ತರಲು ಮಿನಿ ಬಸ್ಸು ಹತ್ತಿ ಪೇಟೆಗೆ ಹೋದಳು. ಮಚಾನೊ ಕಾಯಿಸಿಪ್ಪೆಯ ಒಲೆ ಊದುತ್ತ ಕೂತ. ಹೊಗೆಗೆ ಕಣ್ಣು ಕೆಂಪಾಗಿ ಧಾರಾಕಾರ ಸುರಿಯುತ್ತಿತ್ತು. ಆಗ ಬಂದಳು ಅವನ ಅತ್ತೆ ಬೀ ಮೀಝಾ, ಇಳಿತದಲ್ಲಿ ತಾನೇ ಹಿಡಿದ ಎರಡು ಆಕ್ಟೋಪಸ್‌ಗಳನ್ನು ಕೋಲಿಗೆ ಸಿಕ್ಕಿಸಿಕೊಂಡು.

ಹಿರಿಯರನ್ನು ಕಂಡ ತಕ್ಷಣ ಕಿರಿಯರು 'ಶಿಕಮೂ' ಅನ್ನಬೇಕು. ನಿಮ್ಮ ಕಾಲು ಹಿಡಿದೆ ಎನ್ನುವ ಮಾತು ಅದು. 'ಮರಹಬಾ' ಎಂದು ಹಿರಿಯರು ಹರಸಬೇಕು. ಅಲ್ಲಿಗೆ ಮುಗಿಯುವುದಿಲ್ಲ, ಮನೆ, ಮಕ್ಕಳು, ಮೈ, ಕೆಲಸ ಎಲ್ಲದರ ಸುದ್ದಿ ಕೇಳಬೇಕು. ಕಾಲು ಮುರಿದು ಬಿದ್ದಿದ್ದರೂ 'ಚೆನ್ನಾಗಿದೆ' ಎಂದೇ ಹೇಳಬೇಕು. ಮದುವೆಯಾದಂದಿನಿಂದ ಮಚಾನೊ ಒಂದು ದಿನವೂ ಇದನ್ನು ತಪ್ಪಿಸಿದವನಲ್ಲ. ಇವತ್ತು ಅತ್ತೆಯನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ.

ಬೀ ಮೀಝಾ ಕಾದಳು. ಶಿಕಮೂ ಬರಲಿಲ್ಲ.

"ಮನೆ ಕಡೆ ಹೇಗಪ್ಪಾ?" ತಾನೇ ಶುರು ಮಾಡಿದಳು. ಉತ್ತರವಿಲ್ಲ.

"ಮೈಯಲ್ಲಿ ಆರಾಮಾ?" ಉತ್ತರವಿಲ್ಲ.

"ಟಾಟು ಎಲ್ಲಿ?"

ಮಚಾನೊ ಒದ್ದೆಗಣ್ಣು ಒರೆಸಿಕೊಂಡು ಹಲಗೆಯತ್ತ ಕೈ ತೋರಿಸಿದ. ಬೀ ಮೀಝಾ ಓದಲು ಕಲಿತದ್ದು ಅರಬ್ಬಿ ಅಕ್ಷರ ಮಾತ್ರ. ಹಲಗೆ ಅವಳಿಗೆ ಕಾಣಲಿಲ್ಲ, ಹಲಗೆಯ ಆಚೆಗಿನ ಸ್ಮಶಾನದ ದಾರಿ ಕಂಡಿತು. ಅಳಿಯನ ಕಡೆಯವರು ಯಾರೋ ಹೋಗಿರಬೇಕು, ಟಾಟು ಅಲ್ಲಿಗೇ ಓಡಿರಬೇಕು ಎಂದುಕೊಂಡು, ಆಕ್ಟೋಪಸ್ ಅಲ್ಲೇ ಇಟ್ಟು, ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಸದ್ದಿಲ್ಲದೆ ಹೊರಟುಹೋದಳು. ಎಷ್ಟು ಬೇಗ ಮೌನ ಕಲಿತಳಪ್ಪ ಎಂದು ಮಚಾನೊ ಅತ್ತೆಯ ಬಗ್ಗೆ ಮೊದಲ ಸಲ ಹೆಮ್ಮೆಪಟ್ಟ.

ನಡುಹಗಲಿನ ನಮಾಜು ಮುಗಿಯುವಷ್ಟರಲ್ಲಿ ಊರಿಗೆ ಊರೇ ಅಂಗಳದಲ್ಲಿತ್ತು. ಗಂಡಸರು ಚಾಪೆ ಹಾಸಿ ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ದೊಡ್ಡ ಹಂಡೆಗಳಲ್ಲಿ ಅನ್ನ, ಹುರುಳಿಕಾಯಿ ಬೀಜದ ಸಾರು ಬಂದವು. ಯಾರೂ ಪಿಟಿಕ್ ಎನ್ನಲಿಲ್ಲ. ಯಾರು ಸತ್ತದ್ದು ಎಂದು ದುಃಖದ ಮನೆಯಲ್ಲಿ ಕೇಳುವುದಕ್ಕಿಂತ ದೊಡ್ಡ ಅನಾಗರಿಕತೆ ಆ ಊರಲ್ಲಿ ಇಲ್ಲ. ಪಕ್ಕದವನಿಗೆ ಗೊತ್ತಿರುತ್ತದೆ ಎಂದುಕೊಂಡು ಎಲ್ಲರೂ ಕೂತಿದ್ದರು.

ಹಿತ್ತಲಲ್ಲಿ ಮೆತ್ತಗಾಗಲೆಂದು ಆಕ್ಟೋಪಸ್ ಬಡಿಯುತ್ತಿದ್ದ ಮಚಾನೊ ಮುಂದೆ ಬಂದು ನೋಡಿ ದಂಗಾದ. ಅಯ್ಯೋ, ಯಾರೋ ಹೋಗಿಬಿಟ್ಟಿದ್ದಾರೆ. ಯಾರು? ಅವನೂ ಆ ಊರಿನವನೇ ತಾನೇ, ಕೇಳುವ ಹಾಗಿಲ್ಲ. ಚಾಪೆಯ ತುದಿಯಲ್ಲಿ ಕೂತ. ಕೂಡಲೇ ಮೀನುಗಾರ ಕೊಂಬೊ ಅವನ ಬೆನ್ನು ಸವರಿದ. ಇಮಾಮರು ತಲೆ ನೇವರಿಸಿದರು. ಮುಂದಿನ ಸಾಲಿನವರು ಸರಿದು ಅವನಿಗೆ ಮಧ್ಯದಲ್ಲಿ ಜಾಗ ಮಾಡಿಕೊಟ್ಟರು.

ಮಧ್ಯದ ಜಾಗ ಯಾರಿಗೆ ಬಿಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಸತ್ತದ್ದು ತನ್ನವರೇ. ಬೆಳಿಗ್ಗೆ ಪೇಟೆಗೆ ಹೋದವಳು ಯಾರು? ಆ ಲಡಕಾಸಿ ಮಿನಿ ಬಸ್ಸು, ಆ ತಿರುವುಗಳು... ಟಾಟು! ಅವಳ ಜೊತೆ ಕೊನೆಯದಾಗಿ ಏನು ಮಾತಾಡಿದ್ದೆ? 'ಪರದೆ ಬಿಳೀದೇ ತಗೋ' ಅಂದಿದ್ದೆ. ಅಷ್ಟೇ. ಅವನಿಗೆ ನಿಜವಾಗಿಯೂ ಜಗತ್ತು ಖಾಲಿಯಾಯಿತು. ಎಲೆಯೂ ಬೇಡ, ವಿಲ್ಲಾನೂ ಬೇಡ, ಅವಳೊಬ್ಬಳು ಎದುರಿಗೆ ಬಂದು ಗೇಲಿ ಮಾಡಿದರೆ ಸಾಕು ಎನ್ನಿಸಿತು. ಬಾಯಿಬಿಟ್ಟು ಕೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಹೆದರಿ, ಬಾಯಿಗೆ ಬಟ್ಟೆ ತುರುಕಿಕೊಂಡು ಗೊಳೋ ಎಂದು ಅತ್ತ. ಅವನು ಅತ್ತದ್ದು ನೋಡಿ ಉಳಿದವರ ಅನುಮಾನವೂ ಪರಿಹಾರವಾಯಿತು.

ಈ ಹೊತ್ತಿಗೆ ಮಾರ್ಗಿಟ್ ದೋಣಿಯಿಂದಿಳಿದಳು. ತೆಂಗಿನ ನೆರಳಲ್ಲಿ ಅರವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಆಕೆ ಚಪ್ಪಲಿ ಬಿಟ್ಟು ಹೆಂಗಸರ ನಡುವೆ ಕೂತಳು. ಬೀ ಮೀಝಾ ಸನ್ನೆಯಲ್ಲೇ ಅನ್ನ ಬಡಿಸಿದಳು, ಸನ್ನೆಯಲ್ಲೇ ಕೈ ತೊಳೆಸಿದಳು. ಎರಡು ಗಂಟೆ ಕೂತು, ಕಣ್ಣು ತುಂಬಿಕೊಂಡು, ಪುಸ್ತಕದಲ್ಲಿ ಪುಟಗಟ್ಟಲೆ ಗೀಚಿ, ನೀರು ಇಳಿಯುವ ಮುಂಚೆ ದೋಣಿ ಹತ್ತಿ ಹೊರಟಳು.

ಆಮೇಲೆ ಬಂದಳು ಟಾಟು, ಕಂಕುಳಲ್ಲಿ ಸೊಳ್ಳೆಪರದೆಯ ಗಂಟು. ಅಂಗಳ ನೋಡಿ ಗಂಟು ಕೈಬಿಟ್ಟಳು. ಗಾಬರಿಯಲ್ಲಿ ಕೇಳಬಾರದೆಂಬುದೂ ಮರೆತುಹೋಯಿತು.

"ಯಾರು? ಯಾರಮ್ಮಾ ಹೋದದ್ದು?"

ಮಚಾನೊ ಹಾರಿ ಎದ್ದ. "ನೀನು ಕಣೇ! ನೀನು ಸತ್ತಿದ್ದೆ!"

"ನಾನಾ? ಬಸ್ಸಲ್ಲಿ ಸೀಟ್ ಸಿಗಲಿಲ್ಲ ಅಷ್ಟೆ."

ಊರೆಲ್ಲ ಬೀ ಮೀಝಾಳ ಮುಖ ನೋಡಿತು. ಬೀ ಮೀಝಾ ಅಳಿಯನ ಮುಖ ನೋಡಿದಳು. "ಬೆಳಿಗ್ಗೆ ಅಳ್ತಾ ಕೂತಿದ್ದೆ. ಶಿಕಮೂ ಅನ್ನಲಿಲ್ಲ. ಯಾರು ಸತ್ರಪ್ಪಾ?"

"ಯಾರೂ ಇಲ್ಲ ಅತ್ತೆ. ಅದು ಹೊಗೆ. ಮಾತಾಡದೇ ಇದ್ದದ್ದು... ಆ ಹಲಗೆಗೋಸ್ಕರ."

ಟಾಟು ಹಲಗೆ ಓದಿ ಹೇಳಿದಳು. ಎರಡು ಗಂಟೆ ಅದುಮಿಟ್ಟ ಮಾತೆಲ್ಲ ಅರವತ್ತು ಬಾಯಿಂದ ಒಟ್ಟಿಗೆ ಹೊರಬಿತ್ತು. ಬೀ ಮೀಝಾ ಎದ್ದಳು. ಹಲಗೆಯನ್ನು ಕಂಬದಿಂದ ಕಳಚಿ ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದಳು.

ಮೂರು ವಾರಕ್ಕೆ ಮಂಡಳಿಯ ಕಾಗದ ಬಂತು. ಇಂಥ ಸಾಮೂಹಿಕ ಮೌನವನ್ನು ಭೂಮಿಯ ಮೇಲೆ ಎಲ್ಲೂ ಕಂಡಿಲ್ಲ, ಮುಂದಿನ ಭಾನುವಾರ ಐವರು ಸದಸ್ಯರು ಖುದ್ದಾಗಿ ನೋಡಬೇಕೆಂದಿದ್ದಾರೆ, ಅದೇ ಜನ, ಅದೇ ಅನ್ನ ಇರಲಿ, ನೋಡಿದ ಮೇಲೆ ಎಲೆ ಖಾತ್ರಿ.

ಊರು ಬರಬೇಕಾದರೆ ಬೀ ಮೀಝಾ ಹೂಂ ಅನ್ನಬೇಕು. ಮಚಾನೊ ಅತ್ತೆಯ ಬಾಗಿಲಿಗೆ ಹೋಗಿ "ಹೋಡಿ" ಎಂದು ಕೂಗಿದ. ಒಳಗಿನಿಂದ 'ಕರಿಬು' ಎಂದು ಕರೆಯದೆ ಯಾರ ಮನೆಗೂ ಕಾಲಿಡುವ ಹಾಗಿಲ್ಲ. ಮೂರು ಸಲ ಕೂಗಿಯೂ ಉತ್ತರ ಬಾರದಿದ್ದರೆ ತೆಪ್ಪಗೆ ತಿರುಗಿ ಹೋಗಬೇಕು. ಒಳಗೆ ಕಾಯಿ ತುರಿಯುವ ಸದ್ದು, ನೆರೆಯವಳ ಜೊತೆ ನಗು. ಉತ್ತರವಿಲ್ಲ. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ನೋಡಿದರೆ ಬಾಗಿಲಿಗೆ ಅವನದೇ ಹಲಗೆ ತೂಗುತ್ತಿತ್ತು: 'ಇಲ್ಲಿಂದ ಮುಂದೆ ಮೌನ.'

ಅವನು ತಿರುಗುವಷ್ಟರಲ್ಲಿ ಒಳಗಿನಿಂದ ಟಾಟು ಬಂದಳು. ಅವಳ ಅಂಗೈ ಮೇಲೆ ಕೆಂಪು ಬೋ ಟೈ ಇತ್ತು.

"ಅಮ್ಮ ಒಪ್ಪಿದಾಳೆ. ಆದ್ರೆ ಸುಳ್ಳು ಸಾವಿಗೆ ಯಾರೂ ಕೂರಲ್ಲ. ಬಾಯ್ತುಂಬ ಪಿಲಾವ್ ಇದ್ರೆ ಹೇಗೂ ಯಾರೂ ಮಾತಾಡಲ್ಲ ಅಂತಾಳೆ. ಅಡುಗೆ ಅವಳದ್ದು, ಬಡಿಸೋದು ನೀವು. ಮತ್ತೆ ಬಾಗಿಲಲ್ಲಿ ನಿಂತು ಬಂದೋರಿಗೆಲ್ಲ ನಮಸ್ಕಾರ ಹೇಳ್ಬೇಕು. ಗಟ್ಟಿಯಾಗಿ. ಎಲ್ಲಾ ಸುದ್ದಿ ಕೇಳ್ಬೇಕು. ಒಬ್ಬರನ್ನೂ ಬಿಡೋ ಹಾಗಿಲ್ಲ."

ಭಾನುವಾರ ಮಚಾನೊ ಬೋ ಟೈ ಬಿಗಿದು ಕಂಬದ ಪಕ್ಕ ನಿಂತ. ಮೊದಲ ಶಿಕಮೂ ಬೀ ಮೀಝಾಗೆ. ಅವಳು ಕಿವಿಗೆ ಕೈ ಹಿಡಿದು ಕೇಳಿಸಲಿಲ್ಲ ಎಂದಳು. ಎರಡನೆಯ ಸಲ ಹೇಳಿದ್ದು ಆಚೆ ಊರಿಗೂ ಕೇಳಿಸಿತು. "ಮರಹಬಾ," ಎಂದು ಅವಳು ತಲೆ ಸವರಿದಾಗ ಅವನ ಕಣ್ಣು ಹೊಗೆಯಿಲ್ಲದೆಯೇ ತುಂಬಿತು. ಆಮೇಲೆ ಅರವತ್ತು ಜನರ ಮನೆ, ಮಕ್ಕಳು, ಮೈ, ದೋಣಿ, ಮೇಕೆಗಳ ಯೋಗಕ್ಷೇಮ ಕೇಳಿ ಕೇಳಿ ಗಂಟಲು ಕಟ್ಟಿತು. ಊರು ಪಿಲಾವ್ ಮುಂದೆ ಕೂತು ಧ್ಯಾನಸ್ಥವಾಯಿತು. ಐವರೂ ಕಣ್ಣೊರೆಸಿಕೊಂಡು ಹೋದರು.

ಮೂರನೆಯ ಎಲೆ ಬಂತು, ಜೊತೆಗೊಂದು ಕಾಗದ. ವಿಳಾಸದಲ್ಲಿ 'ಮಾಲೀಕರು, ಬೀ ಮೀಝಾ' ಎಂದಿತ್ತು. ಟಾಟು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು.

"ತಮ್ಮ ಧಾಮದ ಶಾಂತಿಗೆ ಸಾಟಿಯಿಲ್ಲ. ನಮ್ಮದು ಒಂದೇ ಸಲಹೆ. ಬಾಗಿಲಲ್ಲಿ ಕೆಂಪು ಬೋ ಕಟ್ಟಿಕೊಂಡು ನಿಂತಿದ್ದ ಮಾಣಿ ತೀರಾ ವಾಚಾಳಿ. ಅವನನ್ನು ಕೆಲಸದಿಂದ ತೆಗೆಯುವುದು ಒಳ್ಳೆಯದು."

ಬೀ ಮೀಝಾ ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು.

"ಇರಲಿ ಬಿಡು," ಎಂದಳು, "ಪಾಪ, ಸಂಸಾರಸ್ಥ."